ಪಿಚಕಾರಿ ನೀರು ಚಿಮ್ಮುತ್ತಿದ್ದರೂ ದೋಣಿಯ ಮೋಟಾರ್ ಕಾದು ನಿಲ್ಲುವುದೇಕೆ?

ಪ್ರಶ್ನೆ: ನಮ್ಮದು ಕೆ.ಆರ್. ಪೇಟೆ ತಾಲ್ಲೂಕು, ಕೃಷ್ಣರಾಜಸಾಗರದ ಹಿನ್ನೀರಿನ ದಂಡೆಯ ಹಳ್ಳಿ. ಬಲೆ ಬಿಡಲು ಹರಿಗೋಲಿನ ಬದಲು ಫೈಬರ್ ದೋಣಿ ಮಾಡಿಸಿ, ಕರಾವಳಿಯಿಂದ 15 ಎಚ್‌ಪಿಯ ಹಳೆಯ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ಕಚ್ಚಿಸುವ) ಮೋಟಾರ್ ತಂದಿದ್ದೇನೆ. ಟೂ ಸ್ಟ್ರೋಕ್, ಎರಡು ಸಿಲಿಂಡರ್. ನಿಧಾನಕ್ಕೆ ಓಡಿಸಿದರೆ ತೊಂದರೆಯಿಲ್ಲ, ಹಿಂದಿನ ತೂತಿನಿಂದ ನೀರು ಪಿಚಕಾರಿಯಂತೆ ಚಿಮ್ಮುತ್ತದೆ. ಮೊನ್ನೆ ಪೂರ್ತಿ ವೇಗದಲ್ಲಿ ಹತ್ತು ನಿಮಿಷ ಹೋದ ಮೇಲೆ ದಮ್ಮು ಕಟ್ಟಿದ ಹಾಗಾಗಿ ನಿಂತುಹೋಯಿತು. ಕವರ್ ತೆಗೆದರೆ ಬಣ್ಣ ಸುಟ್ಟ ವಾಸನೆ, ಹಗ್ಗ ಎಳೆದರೆ ಅಲ್ಲಾಡಲಿಲ್ಲ. ಮುಕ್ಕಾಲು ಗಂಟೆ ಬಿಟ್ಟ ಮೇಲೆ ಸ್ಟಾರ್ಟ್ ಆಯಿತು, ಮೆಲ್ಲಗೆ ದಡ ಸೇರಿದೆ. ಒಬ್ಬ ಮೆಕ್ಯಾನಿಕ್ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ ಮೇಲೆ ತೆರೆದು ನೀರು ಬಿಡುವ ಕವಾಟ) ಕಿತ್ತು ಬಿಸಾಕಿ ಅನ್ನುತ್ತಾನೆ. ಇನ್ನೊಬ್ಬ ಆಯಿಲ್ ಜಾಸ್ತಿ ಹಾಕಿ ಅನ್ನುತ್ತಾನೆ. ಮೂರನೆಯವನು ಬೋರ್ (ಸಿಲಿಂಡರಿನ ಒಳಗೋಡೆ) ಹೋಗಿದೆ, ಗುಜರಿಗೆ ಕೊಡಿ ಅಂದ. ಪಂಪ್‌ಸೆಟ್ ಬಿಚ್ಚಿ ಜೋಡಿಸಿ ಅಭ್ಯಾಸವಿದೆ, ಸ್ಪ್ಯಾನರ್ ಸೆಟ್ಟೂ ಇದೆ. ಇದನ್ನು ನಾನೇ ಸರಿಮಾಡಬಹುದೇ?

ಉತ್ತರ: ಹೆಚ್ಚಿನದನ್ನು ನೀವೇ ಮಾಡಬಹುದು. ಪಂಪ್‌ಸೆಟ್ ಬಿಚ್ಚಿದ ಕೈಗೆ ಇಲ್ಲಿ ಹೊಸತು ಅನ್ನಿಸುವುದು ಮೂರು ನಾಲ್ಕು ಸಂಗತಿ ಮಾತ್ರ. ಆದರೆ ಮುಂದಿನದನ್ನು ಓದಿ ಮುಗಿಸುವ ತನಕ ಇಂಜಿನ್ ಸ್ಟಾರ್ಟ್ ಮಾಡಬೇಡಿ, ‘ಒಂದ್ಸಲ ನೋಡೋಣ’ ಅಂತಲೂ ಬೇಡ.

ಹಗ್ಗ ಎಳೆಯಲಾಗದೆ ಹೋಗಿ, ತಣಿದ ಮೇಲೆ ಬಿಟ್ಟುಕೊಂಡಿದೆ ಅಂದರೆ ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿ, ಆರಿದ ಮೇಲೆ ಮತ್ತೆ ಕುಗ್ಗಿದೆ. ಅರ್ಧ ಸೀಜ್ ಆಗಿದೆ ಎನ್ನಿ. ಇದು ಸಾವಲ್ಲ, ಆದರೆ ಸಿಲಿಂಡರ್ ಗೋಡೆಯ ಮೇಲೆ ಗೀರು ಬಿದ್ದಿರಬಹುದು. ಹಾಗಾಗಿ ಮೊದಲ ಕೆಲಸ ಕಾಯಿಸಿದ್ದು ಯಾವುದು ಎಂದು ಹುಡುಕುವುದಲ್ಲ, ಕಾದದ್ದರಿಂದ ಏನು ಹಾಳಾಗಿದೆ ಎಂದು ನೋಡುವುದು. ಬೋರ್ ಹೋಗಿದ್ದರೆ ಹೊಸ ಇಂಪೆಲ್ಲರಿಗೆ (ನೀರೆತ್ತುವ ಪಂಪಿನ ಚಕ್ರ), ಥರ್ಮೋಸ್ಟಾಟಿಗೆ ಹಾಕಿದ ದುಡ್ಡು ನೀರಿಗೆ ಹಾಕಿದ ಹಾಗೆ. ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ.

ಮೊದಲು ಜೀವ ಇದೆಯೇ ನೋಡಿ

ಎರಡೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಯಾವುದು ಮೇಲಿನದು ಯಾವುದು ಕೆಳಗಿನದು ಎಂದು ಗುರುತಿಟ್ಟುಕೊಳ್ಳಿ. ಪಿಂಗಾಣಿಯ ತುದಿ ಕಾಫಿ ಬಣ್ಣದಲ್ಲಿದ್ದರೆ ಸರಿ. ತೀರಾ ಬಿಳಿಯಾಗಿದ್ದರೆ ಆ ಸಿಲಿಂಡರಿಗೆ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಅದು ವಿಪರೀತ ಕಾದಿದೆ. ಪಿಂಗಾಣಿಯ ಮೇಲೆ ರವೆಯಷ್ಟು ಚಿಕ್ಕ, ಬೆಳ್ಳಿಬಣ್ಣದ ಚುಕ್ಕೆಗಳು ಅಂಟಿದ್ದರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಹಾರಿದ್ದು, ಕೆಟ್ಟ ಸುದ್ದಿ. ಒಂದು ಪ್ಲಗ್ ಮಾತ್ರ ತೊಳೆದಂತೆ ಚೊಕ್ಕಟವಾಗಿದ್ದು ತೇವವಿದ್ದರೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರಿನ ಮುಚ್ಚಳವಾದ ಹೆಡ್ಡಿನ ಕೆಳಗಿನ ಪಟ್ಟಿ) ದಾಟಿ ನೀರು ಒಳಗೆ ಬರುತ್ತಿದೆ.

ನಂತರ ಕಂಪ್ರೆಷನ್, ಅಂದರೆ ಪಿಸ್ಟನ್ ಸಿಲಿಂಡರಿನೊಳಗೆ ಹುಟ್ಟಿಸುವ ಒತ್ತಡ. ಗೇಜು ನಿಮ್ಮ ಪೇಟೆಯ ಬೈಕ್ ಗ್ಯಾರೇಜಿನಲ್ಲಿ ಸಿಗುತ್ತದೆ. ಈ ಗಾತ್ರದ ಹೆಚ್ಚಿನ ಔಟ್‌ಬೋರ್ಡುಗಳ ಪ್ಲಗ್ಗಿನ ತಿರುಪು ದಾರ (ಥ್ರೆಡ್) 14 ಮಿ.ಮೀ, ಅದಕ್ಕೆ ಹೊಂದುವ ಅಡಾಪ್ಟರ್ ಕೇಳಿ ತನ್ನಿ. ಎರಡೂ ಪ್ಲಗ್ ಹೊರಗಿರಲಿ. ಪ್ಲಗ್ಗಿನ ವೈರುಗಳನ್ನು ಇಂಜಿನ್ ಮೈಗೆ ಅರ್ಥ್ ಆಗುವಂತೆ ಕಟ್ಟಿ, ಕಿಲ್ ಸ್ವಿಚ್ಚಿನ ಹಗ್ಗ ಕಿತ್ತಿಡಿ. ತೂತಿನಿಂದ ಪೆಟ್ರೋಲ್ ಆವಿ ಹೊರಬರುವಾಗ ಪಕ್ಕದಲ್ಲೇ ಕಿಡಿ ಹಾರಬಾರದು. ಥ್ರಾಟಲ್ ಪೂರ್ತಿ ತೆರೆದು ಐದಾರು ಸಲ ಜೋರಾಗಿ ಹಗ್ಗ ಎಳೆಯಿರಿ. ಸಣ್ಣ ಟೂ ಸ್ಟ್ರೋಕುಗಳಲ್ಲಿ ಸಾಮಾನ್ಯವಾಗಿ 90ರಿಂದ 120 ಪಿಎಸ್‌ಐ ತೋರಿಸುತ್ತದೆ. ಗೇಜಿನಿಂದ ಗೇಜಿಗೆ ಅಂಕಿ ಬದಲಾಗುವುದರಿಂದ ಒಟ್ಟು ಅಂಕಿಗಿಂತ ಎರಡು ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. 105 ಮತ್ತು 100 ಇದ್ದರೆ ನೆಮ್ಮದಿ. ಶೇ. 15ಕ್ಕಿಂತ ಹೆಚ್ಚು ಅಂತರವಿದ್ದರೆ, ಉದಾಹರಣೆಗೆ 105 ಮತ್ತು 75 ಇದ್ದರೆ, ಕಡಿಮೆ ಇರುವುದಕ್ಕೆ ಒಂದು ಟೀ ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗು ಅಥವಾ ಬೋರ್ ಸವೆದಿದೆ. ಏರದಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಎರಡೂ ಒಟ್ಟಿಗೆ ಕೆಳಗಿಳಿದಿದ್ದರೆ ಎರಡು ಸಿಲಿಂಡರುಗಳ ನಡುವೆಯೇ ಗ್ಯಾಸ್ಕೆಟ್ ಸುಟ್ಟಿರಲೂಬಹುದು.

ಮೊಬೈಲಿಗೆ ಸಿಕ್ಕಿಸುವ ವೈರ್ ಕ್ಯಾಮೆರಾ ಸಿಕ್ಕರೆ ಪ್ಲಗ್ ತೂತಿನಲ್ಲಿ ಇಳಿಸಿ ಗೋಡೆ ನೋಡಿ. ಕೂದಲೆಳೆಯಂಥ ಗೀರುಗಳಿಗೆ ಹೆದರಬೇಡಿ. ಪಟ್ಟೆಪಟ್ಟೆಯಾಗಿ ಅಲ್ಯೂಮಿನಿಯಂ ಮೆತ್ತಿಕೊಂಡಿದ್ದರೆ, ಇಲ್ಲವೇ ಹೆಡ್ ಬಿಚ್ಚಿದಾಗ ಉಗುರಿಗೆ ಸಿಗುವಷ್ಟು ಆಳದ ಗೀರಿದ್ದರೆ, ರೀಬೋರ್ ಮಾಡಿಸಿ 0.25 ಅಥವಾ 0.50 ಮಿ.ಮೀ ಓವರ್‌ಸೈಜ್ ಪಿಸ್ಟನ್ ಹಾಕಿಸಬೇಕು. ಅದು ಲೇತ್ ಕೆಲಸ, ನಿಮ್ಮದಲ್ಲ. ತಣಿದ ಮೇಲೆ ತಾನೇ ಸ್ಟಾರ್ಟ್ ಆಗಿ ದಡ ಸೇರಿಸಿದ್ದರಿಂದ ಅಷ್ಟು ದೂರ ಹೋಗಿರಲಾರದು ಎಂಬುದು ನನ್ನ ಅಂದಾಜು. ಗುಜರಿಯ ಮಾತು ಗೇಜು ಆಡಲಿ, ಮೆಕ್ಯಾನಿಕ್ ಅಲ್ಲ.

ಪಿಚಕಾರಿ ಹೇಳುವುದು, ಹೇಳದಿರುವುದು

ಇದರಲ್ಲಿ ರೇಡಿಯೇಟರ್ ಇಲ್ಲ, ಕೂಲೆಂಟ್ ಇಲ್ಲ. ಪ್ರೊಪೆಲ್ಲರಿನ ಮೇಲ್ಗಡೆ, ಗೇರ್ ಕೇಸಿನ ಪಕ್ಕದಲ್ಲಿ ಜಾಲರಿಯಂಥ ಸೀಳುಗಳಿವೆ. ಕೆರೆಯ ನೀರು ಅಲ್ಲಿಂದ ಒಳಬರುತ್ತದೆ. ಅದರ ಮೇಲೆ ಕೂತ ರಬ್ಬರ್ ಇಂಪೆಲ್ಲರ್ ನೀರನ್ನು ಒಂದು ನಳಿಗೆಯಲ್ಲಿ ಮೇಲಕ್ಕೆ ತಳ್ಳುತ್ತದೆ. ನೀರು ಎಕ್ಸಾಸ್ಟ್ ಸುತ್ತ, ಸಿಲಿಂಡರ್ ಸುತ್ತ, ಹೆಡ್ಡಿನ ಒಳಗೆ ಹರಿದು, ಥರ್ಮೋಸ್ಟಾಟ್ ದಾಟಿ, ಹೊಗೆಯ ಜೊತೆ ಕೆಳಗಿಳಿದು ಮತ್ತೆ ಕೆರೆ ಸೇರುತ್ತದೆ. ನೀವು ನೋಡುವ ಪಿಚಕಾರಿ ಈ ದಾರಿಯಿಂದ ತೆಗೆದ ಒಂದು ಸಣ್ಣ ಕವಲು.

ಆ ಕವಲನ್ನು ಬಹಳ ಮೋಟಾರುಗಳಲ್ಲಿ ಥರ್ಮೋಸ್ಟಾಟಿಗೆ ಮುಂಚೆಯೇ ತೆಗೆದಿರುತ್ತಾರೆ. ಗದ್ದೆಯ ಕಾಲುವೆಗೆ ಹೋಲಿಸಿ ನೋಡಿ. ತೂಬಿನ ಹತ್ತಿರ ನೀರು ಭರ್ತಿ ಕಾಣುತ್ತದೆ, ಕೊನೆಯ ಗದ್ದೆ ಒಣಗಿರುತ್ತದೆ. ಪಿಚಕಾರಿ ಚಿಮ್ಮಿದರೆ ಪಂಪು ನೀರೆತ್ತುತ್ತಿದೆ ಎಂದಷ್ಟೇ ಖಾತ್ರಿ, ಹೆಡ್ಡಿನವರೆಗೆ ನೀರು ಹರಿಯುತ್ತಿದೆ ಎಂದಲ್ಲ. ಪಿಚಕಾರಿ ನಿಂತರೆ ಪಂಪೇ ಕೆಟ್ಟಿದೆ ಎನ್ನುವುದೂ ತಪ್ಪು. ಶೆಡ್ಡಿನಲ್ಲಿಟ್ಟ ಮೋಟಾರಿನ ಆ ತೂತಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟುವುದು ಮಾಮೂಲು. ಗಟ್ಟಿ ಪ್ಲಾಸ್ಟಿಕ್ ದಾರದಿಂದ ಚುಚ್ಚಿದರೆ ಬಿಡುತ್ತದೆ, ತಂತಿ ಹಾಕಬೇಡಿ. ಪಿಚಕಾರಿಯ ನೀರು ಉಗುರುಬೆಚ್ಚಗಿದ್ದರೆ ಅದು ಸಹಜ, ಹಬೆ ಬಂದರೆ ಅಲ್ಲ.

ನೀವು ಬರೆಯದೆ ಬಿಟ್ಟ ಸಂಗತಿಯೊಂದಿದೆ: ಪೂರ್ತಿ ವೇಗದಲ್ಲಿದ್ದಾಗ ಪಿಚಕಾರಿ ಹೇಗಿತ್ತು? ಮುಂದೆ ನೋಡಿಕೊಂಡು ಓಡಿಸುವಾಗ ಯಾರೂ ಹಿಂದೆ ನೋಡುವುದಿಲ್ಲ. ವೇಗದಲ್ಲಿ ಪಿಚಕಾರಿ ತುಂಡುತುಂಡಾಗಿ, ಉಗುಳಿದಂತೆ ಬರುತ್ತಿದ್ದರೆ ಪಂಪು ಗಾಳಿ ಹೀರುತ್ತಿದೆ. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ ಏರ್ ಹಿಡಿದಿದೆ. ಭರ್ತಿ ಚಿಮ್ಮುತ್ತಲೇ ಇದ್ದು ಇಂಜಿನ್ ಕಾದಿದ್ದರೆ ತೊಂದರೆ ಮೇಲೆ, ಥರ್ಮೋಸ್ಟಾಟಿನಲ್ಲಿ ಅಥವಾ ಕಟ್ಟಿಕೊಂಡ ನೀರಿನ ದಾರಿಯಲ್ಲಿ. ಬಣ್ಣ ಸುಟ್ಟ ವಾಸನೆ ಬಂದಿರುವುದರಿಂದ ಹೊರಮೈಯೇ ವಿಪರೀತ ಕಾದಿದೆ, ಅಂದರೆ ನೀರಿನ ಕೊರತೆ. ಪೆಟ್ರೋಲ್ ಸಾಲದೆ ಸೀಜ್ ಆದ ಇಂಜಿನ್ನಿನಲ್ಲಿ ಎಷ್ಟೋ ಸಲ ಹೊರಗೆ ಬಿಸಿಯೇ ಕಾಣುವುದಿಲ್ಲ.

ಬಿಚ್ಚುವ ಮೊದಲು ದೋಣಿಯನ್ನೇ ಅಳೆಯಿರಿ, ಇದಕ್ಕೆ ಕಾಸೂ ಖರ್ಚಿಲ್ಲ. ಪ್ರೊಪೆಲ್ಲರಿನ ಮೇಲೆ ಅಗಲವಾದ ಅಡ್ಡ ತಟ್ಟೆಯೊಂದಿದೆ. ಅದು ದೋಣಿಯ ತಳದ ಮಟ್ಟಕ್ಕೆ ಸಮನಾಗಿ ಅಥವಾ ಸುಮಾರು 25 ಮಿ.ಮೀ ಕೆಳಗೆ ಇರಬೇಕು. ಔಟ್‌ಬೋರ್ಡುಗಳಲ್ಲಿ ಗಿಡ್ಡ ಕಾಲಿನದು 15 ಇಂಚಿನ ಹಿಂಬದಿ ಹಲಗೆಗೆ, ಉದ್ದ ಕಾಲಿನದು 20 ಇಂಚಿನ ಹಲಗೆಗೆ. ಹಲಗೆ ಎತ್ತರವಾಗಿ, ಮೋಟಾರ್ ಗಿಡ್ಡವಾಗಿದ್ದರೆ ನಿಧಾನಕ್ಕೆ ಹೋಗುವಾಗ ಎಲ್ಲ ಸರಿ. ವೇಗ ಹಿಡಿದು ದೋಣಿಯ ಮೂತಿ ಎದ್ದಾಗ ನೊರೆ ಬೆರೆತ ನೀರು ಜಾಲರಿಗೆ ಬಂದು ಪಂಪಿಗೆ ಗಾಳಿ ಹೋಗುತ್ತದೆ. ನಿಮ್ಮ ಲಕ್ಷಣಕ್ಕೆ ಇದು ತಕ್ಕಮಟ್ಟಿಗೆ ಹೊಂದುತ್ತದೆ. ಮೋಟಾರನ್ನು ಹೆಚ್ಚು ಮೇಲೆತ್ತಿ ಓರೆ ಮಾಡಿ ಓಡಿಸಿದರೂ ಇದೇ ಕತೆ. ಬೇಸಗೆಯಲ್ಲಿ ಹಿನ್ನೀರು ಇಳಿದು ದಂಡೆಯ ಹತ್ತಿರ ಮೊಣಕಾಲುದ್ದ ಕೆಸರಾದಾಗ ಎಲ್ಲರೂ ಹಾಗೇ ಓಡಿಸುತ್ತಾರೆ. ಜಾಲರಿಗೆ ಅಂತರಗಂಗೆಯ ಬೇರು, ಪ್ಲಾಸ್ಟಿಕ್ ಕವರ್, ಬಲೆಯ ಚೂರು ಸುತ್ತಿದೆಯೇ ಅಂತಲೂ ನೋಡಿ.

ಥರ್ಮೋಸ್ಟಾಟ್

‘ನಮ್ಮ ಸೆಕೆಗೆ ಥರ್ಮೋಸ್ಟಾಟ್ ಯಾಕೆ’ ಎನ್ನುವವರು ಕೆರೆಯ ನೀರನ್ನು ಮರೆಯುತ್ತಾರೆ. ಏಪ್ರಿಲ್ ಬಿಸಿಲಿನಲ್ಲೂ ಕೆರೆ ನೀರು 30 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಇಂಜಿನ್ನಿಗೆ ಅದು ತಣ್ಣೀರೇ. ಥರ್ಮೋಸ್ಟಾಟ್ ಇಲ್ಲದ ಇಂಜಿನ್ ಸರಿಯಾಗಿ ಬಿಸಿಯೇರದೆ ಪ್ಲಗ್ ಕರಿಕಟ್ಟುತ್ತದೆ, ಪೆಟ್ರೋಲ್ ಪೂರ್ತಿ ಉರಿಯದೆ ರಿಂಗಿನ ಸುತ್ತ ಇದ್ದಿಲು ಸೇರುತ್ತದೆ. ಅಂಟಿಕೊಂಡ ಥರ್ಮೋಸ್ಟಾಟನ್ನು ನಡುನೀರಿನಲ್ಲಿ ಕಿತ್ತು ದಡ ಸೇರುವುದು ಜಾಣತನ. ಹಾಗೇ ವರ್ಷಗಟ್ಟಲೆ ಓಡಿಸುವುದು ಅಲ್ಲ. ಆ ಮೆಕ್ಯಾನಿಕ್ ರೋಗ ಸರಿಯಾಗಿ ಊಹಿಸಿರಬಹುದು, ಮದ್ದು ತಪ್ಪು.

ಸಾಮಾನ್ಯವಾಗಿ ಹೆಡ್ಡಿನ ಮೇಲ್ಭಾಗದ ಸಣ್ಣ ಮುಚ್ಚಳದ ಕೆಳಗೆ ಇದು ಕೂತಿರುತ್ತದೆ. ಹೊರತೆಗೆದು, ಕವಾಟದ ಬಾಯಿಗೆ ದಾರದ ತುದಿ ಕಚ್ಚಿಸಿ, ಪಾತ್ರೆಯ ನೀರಿನಲ್ಲಿ ಅಡಿ ಮುಟ್ಟದಂತೆ ನೇತುಹಾಕಿ ಕಾಯಿಸಿ. ಬಾಯಿ ತೆರೆದ ಕ್ಷಣ ದಾರ ಬಿಟ್ಟು ಕೆಳಗೆ ಬೀಳುತ್ತದೆ, ಆಗಿನ ಉಷ್ಣತೆ ನೋಡಿ. ತೆರೆಯಬೇಕಾದ ಅಂಕಿ ಅದರ ಮೈಮೇಲೆ ಒತ್ತಿರುತ್ತದೆ. ಸಣ್ಣ ಔಟ್‌ಬೋರ್ಡುಗಳಲ್ಲಿ ಹೆಚ್ಚಾಗಿ 50ರಿಂದ 60 ಡಿಗ್ರಿ. ಪೂರ್ತಿ ತೆರೆದಾಗ ಸುಮಾರು 3 ಮಿ.ಮೀ ಸಂದಿ ಕಾಣಬೇಕು. ಜ್ವರದ ಥರ್ಮಾಮೀಟರ್ ಹಾಕಿ ಒಡೆದುಕೊಳ್ಳಬೇಡಿ, ಅಡುಗೆಯದು ಬೇಕು. ಕುದಿಯುವ ನೀರಿನಲ್ಲೂ ತೆರೆಯದಿದ್ದರೆ ಕಳ್ಳ ಸಿಕ್ಕ ಹಾಗೆ. ಹೊಸದು ಹಾಕುವಾಗ ಮುಚ್ಚಳದ ಗ್ಯಾಸ್ಕೆಟ್ಟೂ ಹೊಸದಿರಲಿ.

ಉಪ್ಪು ತಿಂದ ಬೋಲ್ಟು

ಇಲ್ಲಿ ಒಂದು ಎಚ್ಚರಿಕೆ. ನಿಮ್ಮ ಮೋಟಾರ್ ಸಮುದ್ರದಿಂದ ಬಂದದ್ದು. ಸ್ಟೀಲ್ ಬೋಲ್ಟು ಅಲ್ಯೂಮಿನಿಯಂ ಮೈಯೊಳಗೆ ವರ್ಷಗಟ್ಟಲೆ ಉಪ್ಪುನೀರಿನಲ್ಲಿ ಕೂತು ಬಿಳಿ ಪುಡಿಯಾಗಿ ಬೆಸೆದುಕೊಂಡಿರುತ್ತದೆ. ಹೊಸಬರು ಸೋಲುವುದು ಇಂಜಿನ್ ಅರ್ಥವಾಗದೆ ಅಲ್ಲ, ಈ ಬೋಲ್ಟು ಮುರಿದು. ಬಿಚ್ಚುವ ಎರಡು ದಿನ ಮೊದಲೇ ತುಕ್ಕು ಬಿಡಿಸುವ ಎಣ್ಣೆಯನ್ನು ಬೆಳಗ್ಗೆ ಸಂಜೆ ಹಾಕಿ. ಆರು ಮೂಲೆಯ ರಿಂಗ್ ಸ್ಪ್ಯಾನರ್ ಬಳಸಿ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ನಂತರ ಸಡಿಲಿಸಿ, ಮತ್ತೆ ಬಿಗಿ, ಮತ್ತೆ ಸಡಿಲ. ಬೋಲ್ಟಿನ ತಲೆಗೆ ಸುತ್ತಿಗೆಯಿಂದ ನೇರಕ್ಕೆ ನಾಲ್ಕು ಏಟು ಹಾಕಿದರೆ ಒಳಗಿನ ಬೆಸುಗೆ ಬಿರುಕು ಬಿಡುತ್ತದೆ. ಬಿಡದಿದ್ದರೆ ಪೆಟ್ರೋಲ್ ಟ್ಯಾಂಕನ್ನೂ ಪೈಪನ್ನೂ ದೂರ ಇಟ್ಟು, ಸುತ್ತಲಿನ ಅಲ್ಯೂಮಿನಿಯಂಗೆ ಬಿಸಿಗಾಳಿ ಗನ್ನಿನಿಂದ ಶಾಖ ಕೊಡಿ. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಎಳೆಯುವ ಪಂಪ್‌ಸೆಟ್ ಬುದ್ಧಿ ಇಲ್ಲಿ ನಡೆಯುವುದಿಲ್ಲ. ರಬ್ಬರಿನಂತೆ ಜಗ್ಗಿದ ಅನುಭವ ಕೈಗೆ ಬಂತೋ, ಅಲ್ಲಿಗೆ ನಿಲ್ಲಿಸಿ. ಅದು ತಿರುಗುತ್ತಿಲ್ಲ, ತಿರುಚಿಕೊಳ್ಳುತ್ತಿದೆ. ಮುರಿದರೆ ನೀವೇ ಡ್ರಿಲ್ ಹಾಕದೆ ಲೇತ್‌ಗೆ ಒಯ್ಯಿರಿ, ಅಲ್ಲಿ ಹೊಸ ದಾರದ ಸುರುಳಿ ಕೂರಿಸಿ ಕೊಡುತ್ತಾರೆ.

ಇಂಪೆಲ್ಲರ್ ಬದಲಿಸುವುದು

ಹಳೆಯ ಮೋಟಾರ್ ತಂದವರು ಅದರ ಇಂಪೆಲ್ಲರನ್ನು ಕಣ್ಣುಮುಚ್ಚಿ ಬದಲಿಸಬೇಕು, ಸರಿಯಿದ್ದರೂ ಸರಿ. ನಿಮ್ಮ ಪಂಪ್‌ಸೆಟ್ಟಿನ ಇಂಪೆಲ್ಲರ್ ಲೋಹದ್ದು, ಸುತ್ತಲೂ ಸಂದಿ ಇರುತ್ತದೆ. ಇದು ರಬ್ಬರ್, ಎಸಳುಗಳು ಬಾಗಿಕೊಂಡು ಡಬ್ಬಿಯ ಗೋಡೆಗೆ ಒತ್ತಿಕೊಂಡೇ ತಿರುಗುತ್ತವೆ. ನೀರೇ ಅದಕ್ಕೆ ಆಯಿಲ್. ನೀರಿಲ್ಲದೆ ಅರ್ಧ ನಿಮಿಷ ಓಡಿಸಿದರೂ ಎಸಳು ಸುಡುತ್ತದೆ. ಕೊಳ್ಳುವಾಗ ನಿಮ್ಮೆದುರು ಸ್ಟ್ಯಾಂಡಿನ ಮೇಲೆ ಒಣದಾಗಿ ಸ್ಟಾರ್ಟ್ ಮಾಡಿ ತೋರಿಸಿದ್ದರೆ, ಇಂಪೆಲ್ಲರಿನ ಆಯಸ್ಸು ಅಲ್ಲೇ ಮುಗಿದಿರಬಹುದು.

ಕರಾವಳಿಯ ಮೀನುಗಾರಿಕೆ ಬಂದರುಗಳ ಬಳಿಯ ಅಂಗಡಿಗಳಲ್ಲಿ ಪೂರ್ತಿ ಕಿಟ್ ಸಿಗುತ್ತದೆ: ಇಂಪೆಲ್ಲರ್, ಅದರ ಕೀ, ಸ್ಟೀಲ್ ತಟ್ಟೆ, ಗ್ಯಾಸ್ಕೆಟ್, ಓ ರಿಂಗ್. ಮಾದರಿ ಸಂಖ್ಯೆ ಮೋಟಾರನ್ನು ದೋಣಿಗೆ ಕಚ್ಚಿಸುವ ಬ್ರಾಕೆಟ್ಟಿನ ಮೇಲಿನ ಪಟ್ಟಿಯಲ್ಲಿರುತ್ತದೆ. ಅದರ ಫೋಟೋ ತೋರಿಸಿ ಕೊಳ್ಳಿ, ‘ಹದಿನೈದರದ್ದು ಕೊಡಿ’ ಅಂದರೆ ಸಾಲದು.

ಪ್ಲಗ್ ವೈರ್ ಕಿತ್ತು, ಮೋಟಾರನ್ನು ಗಟ್ಟಿ ಸ್ಟ್ಯಾಂಡಿಗೆ ಕಚ್ಚಿಸಿ, ಪ್ರೊಪೆಲ್ಲರ್ ಬಿಚ್ಚಿ. ಗೇರ್ ಬದಲಿಸುವ ರಾಡು ಮೇಲಿನಿಂದ ಕೆಳಕ್ಕೆ ಬಂದು ಸೇರುವ ಕಡೆ ಒಂದು ಕೂಡುನಟ್ಟು ಇರುತ್ತದೆ. ಬಿಚ್ಚುವ ಮೊದಲು ಎಷ್ಟು ದಾರ ಹೊರಗೆ ಕಾಣುತ್ತದೆ ಎಂದು ಎಣಿಸಿ ಬರೆದುಕೊಳ್ಳಿ, ಫೋಟೋನೂ ತೆಗೆಯಿರಿ. ಇದು ತಪ್ಪಿದರೆ ಆಮೇಲೆ ರಿವರ್ಸ್ ಬೀಳುವುದಿಲ್ಲ ಅಥವಾ ನ್ಯೂಟ್ರಲ್ಲಿನಲ್ಲೂ ಪ್ರೊಪೆಲ್ಲರ್ ತಿರುಗುತ್ತದೆ. ಗೇರ್ ಕೇಸ್ ಹಿಡಿದ ಬೋಲ್ಟುಗಳನ್ನು ತೆಗೆದು, ರಬ್ಬರ್ ಸುತ್ತಿಗೆಯಿಂದ ತಟ್ಟಿ ಕೆಳಗಿಳಿಸಿ. ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಅಂಚು ಮುರಿಯುತ್ತದೆ. ಗೇರ್ ಕೇಸಿನ ಜೊತೆ ಉದ್ದನೆಯ ಶಾಫ್ಟೂ ಬರುತ್ತದೆ. ಅದರ ಬುಡದಲ್ಲೇ ಪಂಪಿನ ಡಬ್ಬಿ, ನಾಲ್ಕು ಸಣ್ಣ ಬೋಲ್ಟು.

ಡಬ್ಬಿ ಎತ್ತಿದ ಮೇಲೆ ಇಂಪೆಲ್ಲರಿನ ಎಸಳುಗಳನ್ನು ಎಣಿಸಿ. ಒಂದು ಮುರಿದಿದ್ದರೂ ಆ ಚೂರು ಎಲ್ಲೋ ಮೇಲೆ ನೀರಿನ ದಾರಿಯಲ್ಲಿ ಸಿಕ್ಕಿಕೊಂಡಿದೆ ಎಂದೇ ತಿಳಿಯಿರಿ. ಹೊಸ ಇಂಪೆಲ್ಲರ್ ಹಾಕಿ ಹಳೆಯ ಚೂರನ್ನು ಒಳಗೇ ಬಿಟ್ಟವರು ತಿಂಗಳೊಳಗೆ ಇದೇ ಪ್ರಶ್ನೆ ಮತ್ತೆ ಕೇಳುತ್ತಾರೆ. ನೀರಿನ ನಳಿಗೆಗೆ ಮೇಲಿನಿಂದ ಕೆಳಕ್ಕೆ, ಅಂದರೆ ಹರಿವಿನ ಎದುರು ದಿಕ್ಕಿನಲ್ಲಿ, ನೀರು ಬಿಟ್ಟು ಹೊರತೆಗೆಯಿರಿ. ಸ್ಟೀಲ್ ತಟ್ಟೆಯಲ್ಲಿ ಬೆರಳಿಗೆ ಸಿಗುವ ಗುಳಿ ಬಿದ್ದಿದ್ದರೆ ಅದನ್ನೂ ಬದಲಿಸಿ. ಆ ಗುಳಿಯಿಂದ ನೀರು ಜಾರಿ, ಐಡಲ್‌ನಲ್ಲಿ (ಅತಿ ನಿಧಾನದ ಓಟದಲ್ಲಿ) ಪಂಪಿಗೆ ಬಲ ಬರುವುದಿಲ್ಲ.

ಹೊಸದನ್ನು ಕೂರಿಸುವಾಗ ಕೀ ತನ್ನ ತೋಡಿನಲ್ಲಿ ಕೂತಿರಲಿ, ಜಾರುತ್ತಿದ್ದರೆ ಚಿಟಿಕೆ ಗ್ರೀಸ್ ಅಂಟಿಸಿ. ಎಸಳಿಗೆ ಸೋಪಿನ ನೀರು ಸವರಿ. ಡಬ್ಬಿಯನ್ನು ಮೇಲಿನಿಂದ ಒತ್ತುತ್ತಾ ಶಾಫ್ಟನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿ. ಎಲ್ಲ ಎಸಳುಗಳೂ ಒಂದೇ ಕಡೆ ಬಾಗಿ ಒಳಸೇರುತ್ತವೆ. ಉಲ್ಟಾ ತಿರುಗಿಸಬೇಡಿ. ಶಾಫ್ಟಿನ ಮೇಲ್ತುದಿಯ ಹಲ್ಲುಗಳ ಪಕ್ಕಕ್ಕೆ ತೆಳುವಾಗಿ ಗ್ರೀಸ್ ಹಚ್ಚಿ, ನೆತ್ತಿಯ ಮೇಲೆ ಹಚ್ಚಬೇಡಿ. ಅಲ್ಲಿ ಗ್ರೀಸ್ ಗುಡ್ಡೆಯಾದರೆ ಒಳಗೆ ಒತ್ತಡ ಹಿಡಿದು ಶಾಫ್ಟ್ ಪೂರ್ತಿ ಕೂರುವುದಿಲ್ಲ.

ಮತ್ತೆ ಮೇಲೇರಿಸುವುದಕ್ಕೆ ಇನ್ನೊಂದು ಜೊತೆ ಕೈ ಬೇಕು. ನೀರಿನ ನಳಿಗೆಯ ತುದಿ ಪಂಪಿನ ಡಬ್ಬಿಯ ಮೇಲಿನ ರಬ್ಬರ್ ಬಾಯೊಳಗೇ ಇಳಿಯಬೇಕು, ಶಾಫ್ಟಿನ ಹಲ್ಲುಗಳು ಮೇಲೆ ಕಚ್ಚಬೇಕು, ಗೇರ್ ರಾಡು ತನ್ನ ಜಾಗಕ್ಕೆ ಬರಬೇಕು, ಮೂರೂ ಒಟ್ಟಿಗೆ. ಟಾರ್ಚ್ ಹಾಕಿ ನಳಿಗೆಯನ್ನು ಕಣ್ಣಾರೆ ನೋಡಿ. ನಳಿಗೆ ರಬ್ಬರ್ ಬಾಯಿ ತಪ್ಪಿ ಪಕ್ಕಕ್ಕೆ ನಿಂತದ್ದರಿಂದಲೇ ‘ಹೊಸ ಇಂಪೆಲ್ಲರ್ ಹಾಕಿದ ಮೇಲೆ ಇನ್ನೂ ಜಾಸ್ತಿ ಕಾಯುತ್ತಿದೆ’ ಎಂಬ ದೂರು ಬರುತ್ತದೆ. ಕೊನೆಯ ಒಂದೆರಡು ಸೆಂಟಿಮೀಟರ್ ಸೇರದಿದ್ದರೆ ಹಲ್ಲು ಹೊಂದಿಲ್ಲ. ಗೇರಿನಲ್ಲಿಟ್ಟು ಪ್ರೊಪೆಲ್ಲರ್ ಶಾಫ್ಟನ್ನು ಸ್ವಲ್ಪ ತಿರುಗಿಸಿ, ಕೈಯಿಂದಲೇ ಒತ್ತಿ. ಬೋಲ್ಟು ಬಿಗಿದು ಎಳೆದುಕೊಳ್ಳಲು ಹೋದರೆ ಕೇಸ್ ಸೀಳುತ್ತದೆ. 8 ಮಿ.ಮೀ ಬೋಲ್ಟಿಗೆ 18ರಿಂದ 20 ನ್ಯೂಟನ್ ಮೀಟರ್ ಬಿಗಿ ಸಾಕು. ದಾರಕ್ಕೆ ಮರೀನ್ ಗ್ರೀಸ್ ಹಚ್ಚಿದರೆ ಮುಂದಿನ ಸಲ ಎರಡು ದಿನ ಎಣ್ಣೆ ಹಾಕುತ್ತಾ ಕೂರಬೇಕಿಲ್ಲ.

ಒಳಗೆ ಕಟ್ಟಿದ ಗಟ್ಟಿ

ಥರ್ಮೋಸ್ಟಾಟಿನ ಗೂಡಿನಲ್ಲಿ ಬಿಳಿ ಹೊಪ್ಪಳೆ ಕಂಡರೆ ಹೆಡ್ಡಿನ ದಾರಿಗಳೂ ಹಾಗೇ ಇವೆ ಎಂದರ್ಥ. ಬರೀ ಉಪ್ಪಾದರೆ ಸಿಹಿನೀರಿನಲ್ಲಿ ಕರಗುತ್ತದೆ, ಆದರೆ ಅದರ ಜೊತೆ ಸುಣ್ಣದ ಅಂಶ, ಅಲ್ಯೂಮಿನಿಯಂ ತಿಂದ ಪುಡಿ ಎಲ್ಲ ಸೇರಿ ಗಾರೆಯಾಗಿರುತ್ತದೆ. ಹನಿ ನೀರಾವರಿಯ ಪೈಪಿಗೆ ಆಸಿಡ್ ಬಿಟ್ಟು ತೊಳೆದ ಅಭ್ಯಾಸ ನಿಮ್ಮ ಕಡೆ ಹಲವರಿಗಿದೆ. ಆ ಆಸಿಡ್ ಇಲ್ಲಿ ಬೇಡವೇ ಬೇಡ, ಅಲ್ಯೂಮಿನಿಯಂ ನೊರೆಯೆದ್ದು ಕರಗುತ್ತದೆ. ದಿನಸಿ ಅಂಗಡಿಯ ನಿಂಬೆ ಉಪ್ಪು ಸಾಕು. 10 ಲೀಟರ್ ಉಗುರುಬೆಚ್ಚನೆಯ ನೀರಿಗೆ ಅರ್ಧ ಕೆ.ಜಿ. ಗೇರ್ ಕೇಸ್ ಬಿಚ್ಚಿರುವಾಗಲೇ, ಥರ್ಮೋಸ್ಟಾಟ್ ಹೊರಗಿಟ್ಟು ಅದರ ಮುಚ್ಚಳ ಮಾತ್ರ ಹಾಕಿ. ಕೂಲರಿನ ಸಣ್ಣ ಪಂಪಿಗೆ ಪೈಪ್ ಸಿಕ್ಕಿಸಿ ನೀರಿನ ನಳಿಗೆಯ ಕೆಳತುದಿಗೆ ಬಿಗಿಯಿರಿ, ಕೆಳಗೆ ಬಕೆಟ್ ಇಡಿ. ಮೇಲೆ ಹೋದ ನೀರು ಸುತ್ತಿ ಬಕೆಟ್ಟಿಗೇ ಬೀಳುತ್ತದೆ. ಅರ್ಧ ಗಂಟೆ ಸಾಕು, ರಾತ್ರಿಯಿಡೀ ಬಿಡಬೇಡಿ. ನಂತರ ಕಾಲು ಗಂಟೆ ಬರೀ ನೀರು. ಪಂಪಿಗೆ ಕರೆಂಟಿದೆ, ಕೈ ಅದ್ದುವ ಮೊದಲು ಪ್ಲಗ್ ಕೀಳಿ. ಕೊನೆಯ ತೊಳೆತಕ್ಕೆ ಬೋರ್‌ವೆಲ್ಲಿನ ಗಡಸು ನೀರಿಗಿಂತ ಕಾವೇರಿ ನೀರು ಒಳ್ಳೆಯದು.

ಇಷ್ಟಕ್ಕೂ ಹರಿವು ಸೊರಗಿದ್ದರೆ, ಅಥವಾ ಕಂಪ್ರೆಷನ್ ಗ್ಯಾಸ್ಕೆಟ್ ಕಡೆ ಬೆರಳು ತೋರಿಸಿದ್ದರೆ, ಹೆಡ್ ಬಿಚ್ಚಲೇಬೇಕು. ಹೊಸಬರಿಗೆ ಇದು ಗಡಿರೇಖೆ. ಬಿಚ್ಚಿದರೆ ಹೆಡ್ಡನ್ನು ದಪ್ಪ ಗಾಜಿನ ಮೇಲೆ ಮಗುಚಿ, ಸುತ್ತಲೂ ಫೀಲರ್ ಗೇಜು (ಸಂದಿ ಅಳೆಯುವ ತೆಳು ಲೋಹದ ಎಲೆಗಳು) ತೂರಿಸಿ. 0.1 ಮಿ.ಮೀ ಎಲೆ ಒಳಹೋದರೆ ಹೆಡ್ ಸೊಟ್ಟಗಾಗಿದೆ. ಅಲ್ಪಸ್ವಲ್ಪವಾದರೆ ಗಾಜಿನ ಮೇಲೆ 400 ನಂಬರಿನ ಎಮರಿ ಕಾಗದ ಹಾಸಿ, ಎಂಟರ ಆಕಾರದಲ್ಲಿ ಉಜ್ಜಿ ಸಮ ಮಾಡಬಹುದು. ಹಳೆಯ ಗ್ಯಾಸ್ಕೆಟ್ಟನ್ನು ಮತ್ತೆ ಹಾಕಬಾರದು. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಸುತ್ತಿನಲ್ಲಿ, ಟಾರ್ಕ್ ರೆಂಚಿನಿಂದ, ನಿಮ್ಮ ಮಾದರಿಯ ಕೈಪಿಡಿಯ ಅಂಕಿಗೆ ಬಿಗಿಯಬೇಕು. ಟಾರ್ಕ್ ರೆಂಚ್ ಇಲ್ಲದಿದ್ದರೆ ಈ ಕೆಲಸ ಕೊಟ್ಟು ಮಾಡಿಸಿ.

ಆಯಿಲ್, ಪೆಟ್ರೋಲ್

ಆಯಿಲ್ ಜಾಸ್ತಿ ಹಾಕಿದರೆ ತಂಪಾಗುವುದಿಲ್ಲ, ಸ್ವಲ್ಪ ಉಲ್ಟಾ ಆಗುತ್ತದೆ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬರುವ ಜೆಟ್ಟಿನ ತೂತು ಅಷ್ಟೇ ಇರುತ್ತದೆ. ಅದರಲ್ಲಿ ಆಯಿಲ್ ಪಾಲು ಹೆಚ್ಚಿದರೆ ಪೆಟ್ರೋಲ್ ಪಾಲು ಇಳಿಯುತ್ತದೆ. ಜೊತೆಗೆ ಇದ್ದಿಲು. ಬಹುತೇಕ ಪೆಟ್ರೋಲ್ ಮಾದರಿಗಳಿಗೆ 50:1, ಅಂದರೆ ಲೀಟರಿಗೆ 20 ಮಿ.ಲೀ, 10 ಲೀಟರಿಗೆ 200 ಮಿ.ಲೀ. ಪಿಸ್ಟನ್ ಬದಲಿಸಿದ್ದರೆ ಮಾತ್ರ ಪಳಗುವ ತನಕ 25:1. ಡಬ್ಬಿಯ ಮೇಲೆ ‘ಟಿಸಿ-ಡಬ್ಲ್ಯು3’ ಎಂದಿರಬೇಕು. ಬೈಕಿನ 2ಟಿ ಆಯಿಲ್ ಗಾಳಿಯಿಂದ ತಣಿಯುವ ಇಂಜಿನ್ನಿಗೆ ಮಾಡಿದ್ದು, ನೀರಿನಿಂದ ತಣಿಯುವುದರಲ್ಲಿ ಬೂದಿ ಕಟ್ಟುತ್ತದೆ.

ಕರಾವಳಿಯಲ್ಲಿ ಸೀಮೆಎಣ್ಣೆಯಲ್ಲಿ ಓಡುವ ಮೋಟಾರುಗಳು ಬಹಳ. ಯಮಹಾ ಆದರೆ ಮಾದರಿ ಸಂಖ್ಯೆ ‘ಇಕೆ’ ಎಂದು ಶುರುವಾಗಿದ್ದರೆ ಅದು ಸೀಮೆಎಣ್ಣೆಯದು. ಅದರ ಆಯಿಲ್ ಲೆಕ್ಕ ಬೇರೆ, ಕಂಪ್ರೆಷನ್ ಅಂಕಿಯೂ ಕಡಿಮೆ, ಗೇಜು ನೋಡಿ ಗಾಬರಿಯಾಗಬೇಡಿ. ಪೆಟ್ರೋಲಿನ ಮೋಟಾರಿಗೆ ಉಳಿತಾಯವೆಂದು ಸೀಮೆಎಣ್ಣೆ ಬೆರೆಸಿದರೆ ಮಾತ್ರ ಪಿಸ್ಟನ್ ತೂತಾಗುವುದು ನಿಶ್ಚಿತ ಎನ್ನಬಹುದು.

ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ನಮ್ಮ ಕಬ್ಬಿನದೇ ಆದರೂ ಹಳೆಯ ಔಟ್‌ಬೋರ್ಡಿಗೆ ಅಷ್ಟಾಗಿ ಒಗ್ಗದು. ತಯಾರಕರು ಸಾಮಾನ್ಯವಾಗಿ ಒಪ್ಪುವುದು ಶೇ. 10ರ ತನಕ. ಎಥನಾಲ್ ನೀರು ಹೀರುತ್ತದೆ, ಹಳೆಯ ರಬ್ಬರ್ ಪೈಪನ್ನು ಮೆತ್ತಗಾಗಿಸುತ್ತದೆ, ಮಿಶ್ರಣವನ್ನು ತುಸು ತೆಳುವಾಗಿಸುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡದೆ ಹೊಸದಾಗಿ ಬೆರೆಸಿ, ಪೈಪನ್ನೂ ಕೈಪಂಪಿನ ಬಲ್ಬನ್ನೂ ಬದಲಿಸಿ, ಕಾರ್ಬುರೇಟರಿನ ಮೇನ್ ಜೆಟ್ ತೆಗೆದು ಬೆಳಕಿಗೆ ಹಿಡಿದು ನೋಡಿ. ಅರ್ಧ ಕಟ್ಟಿದ ಜೆಟ್ ಪೂರ್ತಿ ವೇಗದಲ್ಲಷ್ಟೇ ಕಾಟ ಕೊಡುತ್ತದೆ. ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ತೆರೆದಿದೆಯೇ ಅಂತಲೂ ನೋಡಿ, ನಗಬೇಡಿ.

ಇನ್ನೊಂದು: ಕೃಷ್ಣರಾಜಸಾಗರ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳುವಾದ್ದರಿಂದ ಮೋಟಾರಿನ ಬಲ ಶೇ. 7-8ರಷ್ಟು ಇಳಿಯುತ್ತದೆ. ಕಡಲಿಗೆ ಹೊಂದಿದ ಪ್ರೊಪೆಲ್ಲರ್ ಇಲ್ಲಿ, ಅದರಲ್ಲೂ ಬಲೆ ಮೀನು ತುಂಬಿದ ದೋಣಿಗೆ, ಭಾರವಾಗಬಹುದು. ಈ ವರ್ಗದ ಹಲವು ಮೋಟಾರುಗಳು ಪೂರ್ತಿ ಥ್ರಾಟಲ್ಲಿನಲ್ಲಿ ನಿಮಿಷಕ್ಕೆ 4,500ರಿಂದ 5,500 ಸುತ್ತು ಮುಟ್ಟಬೇಕು. ಮುಟ್ಟದೆ ಏದುಸಿರು ಬಿಡುತ್ತಿದ್ದರೆ ಒಂದೆರಡು ಇಂಚು ಕಡಿಮೆ ಪಿಚ್ಚಿನ (ಒಂದು ಸುತ್ತಿಗೆ ಮುಂದೆ ಸಾಗುವ ದೂರ) ಪ್ರೊಪೆಲ್ಲರ್ ಹಾಕಿ.

ಮತ್ತೆ ನೀರಿಗಿಳಿಸುವುದು

200 ಲೀಟರಿನ ಡ್ರಮ್ಮಿನಲ್ಲಿ, ಅಡ್ಡ ತಟ್ಟೆಯ ಮೇಲೆ ಒಂದು ಗೇಣು ನೀರು ನಿಲ್ಲುವಂತೆ ಮುಳುಗಿಸಿ, ಬಯಲಿನಲ್ಲಿ, ಪ್ರೊಪೆಲ್ಲರ್ ಬಿಚ್ಚಿ, ನ್ಯೂಟ್ರಲ್ಲಿನಲ್ಲಿ ಐಡಲ್ ಓಡಿಸಿ. ನಿಮಿಷದೊಳಗೆ ಪಿಚಕಾರಿ ಬರದಿದ್ದರೆ ನಿಲ್ಲಿಸಿ. ಡ್ರಮ್ಮಿನ ನೀರು ಬೇಗ ಬಿಸಿಯಾಗುವುದರಿಂದ ಐದು ನಿಮಿಷಕ್ಕಿಂತ ಹೆಚ್ಚು ಬೇಡ. ಇದು ಪಂಪಿನ ಪರೀಕ್ಷೆ ಮಾತ್ರ, ನಿಮ್ಮ ರೋಗ ಕಾಣಿಸಿಕೊಳ್ಳುವುದು ವೇಗದಲ್ಲಿ.

ಕೆರೆಯಲ್ಲಿ ಮೊದಲ ದಿನ ದಂಡೆಯ ಪಕ್ಕದಲ್ಲೇ, ಜೊತೆಗೊಬ್ಬರನ್ನು ಕೂರಿಸಿಕೊಂಡು, ಅರ್ಧ ಥ್ರಾಟಲ್ಲಿನಲ್ಲಿ ಹತ್ತು ನಿಮಿಷ ಹೋಗಿ. ಪಿಚಕಾರಿ ನೋಡುವುದು ಅವರ ಕೆಲಸ. ನಂತರ ಪೂರ್ತಿ ವೇಗ ಎರಡು ನಿಮಿಷ, ಇಳಿಸಿ ಹೆಡ್ಡಿನ ಬಿಸಿಯ ಅಳತೆ. ಐದು ನಿಮಿಷ, ಅಳತೆ. ಹತ್ತು ನಿಮಿಷ, ಅಳತೆ. ಅಳೆಯಲು ಕಾರ್ಖಾನೆ ಬಳಕೆಯ ಇನ್‌ಫ್ರಾರೆಡ್ ಗನ್ ಬೇಕು. ಕೋವಿಡ್ ಕಾಲದ ಹಣೆಯ ಗನ್ ಜ್ವರದ ಅಂಕಿ ದಾಟಿದರೆ ಸುಮ್ಮನಾಗುತ್ತದೆ. ಹೊಳೆಯುವ ಅಲ್ಯೂಮಿನಿಯಂ ಸುಳ್ಳು ಅಂಕಿ ಕೊಡುವುದರಿಂದ ಹೆಡ್ಡಿನ ಮೇಲೆ ಒಂದು ಕಡೆ ಕಪ್ಪು ಬಣ್ಣ ಬಳಿದು, ಪ್ರತಿ ಸಲ ಅಲ್ಲಿಗೇ ಗುರಿಯಿಡಿ. 50ರಿಂದ 70 ಡಿಗ್ರಿಯೊಳಗೆ ನಿಂತರೆ ಗುಣವಾಗಿದೆ. 90 ದಾಟಿದರೆ ನಿಲ್ಲಿಸಿ. ಗನ್ ಇಲ್ಲದಿದ್ದರೆ ಇಂಜಿನ್ ಆಫ್ ಮಾಡಿ ಹೆಡ್ಡಿನ ಮೇಲೆ ಒಂದು ಹನಿ ನೀರು ಬಿಡಿ, ದೋಸೆ ಹಂಚಿನ ಮೇಲಿನಂತೆ ಚುಯ್ ಅಂದರೆ ಅಪಾಯದ ಮಟ್ಟ ಮೀರಿ ಕಾದಿದೆ.

ಮತ್ತೆ ಎಂದಾದರೂ ನಡುನೀರಿನಲ್ಲಿ ಕಾದು ನಿಂತರೆ ಬಕೆಟ್ ನೀರು ಸುರಿಯಬೇಡಿ, ಹೆಡ್ ಸೊಟ್ಟಗಾಗುವುದು ಆಗಲೇ. ಕವರ್ ತೆಗೆದು ತಾನಾಗಿ ಆರಲು ಬಿಡಿ. ಹಗ್ಗವನ್ನು ಬಲವಂತವಾಗಿ ಎಳೆಯಬೇಡಿ. ಮುಟ್ಟುವಷ್ಟು ತಣಿದ ಮೇಲೆ ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿಗೆ ಎರಡು ಚಮಚ ಟೂ ಸ್ಟ್ರೋಕ್ ಆಯಿಲ್ ಬಿಟ್ಟು, ಫ್ಲೈವೀಲನ್ನು ಕೈಯಿಂದ ಗಡಿಯಾರದ ದಿಕ್ಕಿಗೆ ಮೆಲ್ಲಗೆ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಜಾಲರಿ ಚೊಕ್ಕಟ ಮಾಡಿ, ಐಡಲಿಗಿಂತ ತುಸು ಮೇಲಿನ ವೇಗದಲ್ಲಿ ವಾಪಸ್ ಬನ್ನಿ. ಆಷಾಢದ ಗಾಳಿಗೆ ಹಿನ್ನೀರಿನಲ್ಲಿ ಅಲೆ ಏಳುವ ದಿನಗಳಲ್ಲಿ ಮೋಟಾರ್ ನಿಂತರೆ ದೋಣಿ ಗಾಳಿ ತಳ್ಳಿದ ಕಡೆ ಹೋಗುತ್ತದೆ. ಹರಿಗೋಲಿನ ಹಳೆಯ ಹುಟ್ಟುಗಳನ್ನು ಕೊಟ್ಟಿಗೆಯ ಅಟ್ಟಕ್ಕೆ ಹಾಕಿದ್ದರೆ ಎರಡನ್ನು ಇಳಿಸಿ ದೋಣಿಯಲ್ಲಿಡಿ. ಜೊತೆಗೆ ಲೈಫ್ ಜಾಕೆಟ್, ಪ್ಲಗ್ ಸ್ಪ್ಯಾನರ್, ಎರಡು ಹೊಸ ಪ್ಲಗ್, ಪಿಚಕಾರಿ ತೂತು ಚುಚ್ಚಲು ಒಂದು ಮೊಳ ಪ್ಲಾಸ್ಟಿಕ್ ದಾರ.